ಮೂರೂವರೆ ಮಹಡಿಯಿಂದ ಅಕ್ಕನಿಗೆ

ಬುಧವಾರ, ಮಧ್ಯಾಹ್ನ ಎರಡೂವರೆ
ಮೂರನೇ ಮಹಡಿಗೂ ನಾಲ್ಕನೆಯದಕ್ಕೂ ನಡುವೆ

ಅಕ್ಕಾ, ನಿನ್ನ ತಮ್ಮನ ನಮಸ್ಕಾರ.

ಮೊದಲು ತಪ್ಪೊಪ್ಪಿಗೆ. ಇಂದು ಊಟವಾದ ಮೇಲೆ, ಪೂರ್ಣ ಪ್ರಜ್ಞೆಯಿಂದ, ಯಾರ ಬಲವಂತವೂ ಇಲ್ಲದೆ, ನಾನೊಂದು ಕಳವು ಮಾಡಿದೆ. ಮಾಲು: ಲಿಫ್ಟಿನ ಕೀಲಿಕೈ, ಒಂದು. ಸ್ಥಳ: ಕಂಪನಿಯ ಉಗ್ರಾಣದ ಗೋಡೆಯ ಮೊಳೆ. ಉಗ್ರಾಣ ನೋಡಿಕೊಳ್ಳುವ ನಟ್ಟಣ್ಣ ಡಬ್ಬಿ ತೊಳೆಯಲು ಹೋಗಿದ್ದ. ಆ ಕೀಲಿಕೈಯನ್ನು ಲಿಫ್ಟಿನೊಳಗೆ ಹಾಕಿ ತಿರುಗಿಸಿದರೆ ನಡೆಯುವ ಲಿಫ್ಟು ನಿಲ್ಲುತ್ತದೆ, ಮತ್ತೆ ತಿರುಗಿಸಿದರೆ ನಡೆಯುತ್ತದೆ. ಇಪ್ಪತ್ತೆರಡು ವರ್ಷ ನನ್ನ ಕೈಯಲ್ಲೇ ಇದ್ದ ಕೀಲಿಕೈಗಾಗಿ ಇಂದು ಕೈಚಳಕ ತೋರಿಸಬೇಕಾಯಿತು.

ಕಾರಣ ನಿನಗೆ ಗೊತ್ತು. ಎರಡು ತಿಂಗಳ ಹಿಂದೆ ಲಿಫ್ಟು ರಿಪೇರಿ ಮಾಡುವಾಗ ಏಣಿಯ ಮೇಲೆ ತಲೆ ತಿರುಗಿತು. ಡಾಕ್ಟರು ಎಲ್ಲ ತಪಾಸಣೆ ಮಾಡಿ, ಬೇರೆ ಕಾಯಿಲೆಯಿಲ್ಲ, ಮೈಯಲ್ಲಿ ಕಬ್ಬಿಣ ಸಾಲದು, ಊಟ ಸರಿಮಾಡಿಕೊಳ್ಳಿ ಎಂದರು. ಅಂದಿನಿಂದ ನಾನು ಉಗ್ರಾಣದಲ್ಲಿ. ಕಿಟಕಿಯಿಲ್ಲದ ಕೋಣೆ, ಎಡಕ್ಕೆ ನಟ್ಟು, ಬಲಕ್ಕೆ ಬೋಲ್ಟು, ತಲೆಯ ಮೇಲೆ ಸರಪಳಿ. ಸುತ್ತೆಲ್ಲ ಕಬ್ಬಿಣ, ಬರ ಮಾತ್ರ ನನ್ನೊಳಗೆ. ಬೆಳಗಿನಿಂದ ಸಂಜೆಯವರೆಗೆ ಅದೇ ಟ್ಯೂಬ್‌ಲೈಟು, ಅದೇ ಗುಂಯ್ಗುಟ್ಟುವಿಕೆ. ಶುಕ್ರವಾರ ಮತ್ತೆ ರಕ್ತಪರೀಕ್ಷೆ. ಹಿಮೋಗ್ಲೋಬಿನ್ ಹದಿಮೂರು ದಾಟಿದರೆ ಮತ್ತೆ ಲಿಫ್ಟಿನ ಕೆಲಸ; ಇಲ್ಲವಾದರೆ ಉಗ್ರಾಣವೇ ಕಾಯಂ ಎಂದಿದ್ದಾರೆ ಮೇಲ್ವಿಚಾರಕರು.

ನೀನು ಆಸ್ಪತ್ರೆಯ ಅಡುಗೆಮನೆಯಲ್ಲಿ ಸೌಟು ಹಿಡಿದವಳು. ನೀನು ಬರೆದ ಪಟ್ಟಿ ನನ್ನ ಗೋಡೆಯ ಮೇಲಿದೆ. ಸೊಪ್ಪು, ಕಡಲೆ, ಬೇಳೆ, ಮೊಟ್ಟೆ, ಆಗಾಗ ಮಾಂಸ. ಸೊಪ್ಪು ಕಾಳಿನ ಕಬ್ಬಿಣ ಸುಲಭಕ್ಕೆ ಮೈಗೆ ಹತ್ತುವುದಿಲ್ಲ, ನಿಂಬೆಹಣ್ಣು ಹಿಂಡಿಕೋ ಎಂದೆ. ಹಿಂಡಿದೆ. ಬೆರಳಸಂದಿ ಉರಿಯುವಷ್ಟು ಹಿಂಡಿದೆ. ನಟ್ಟಣ್ಣ ಡಬ್ಬಿ ಇಣುಕಿ, "ಏನಯ್ಯಾ, ನಿಮ್ಮಕ್ಕ ನಿನ್ನ ಸಾಕ್ತಿದಾರೋ, ಮೇಯಿಸ್ತಿದಾರೋ?" ಎಂದು ದಿನಾ ಕೇಳುತ್ತಾನೆ. "ಮೇಯಿಸಿದ್ರೂ ಸರಿ, ಗೂಟದಿಂದ ಬಿಚ್ಚಿದ್ರೆ ಸಾಕು" ಎನ್ನುತ್ತೇನೆ.

ಶುಕ್ರವಾರಕ್ಕೆ ಮುಂಚೆ ನನ್ನನ್ನು ನಾನೇ ಪರೀಕ್ಷಿಸಿಕೊಳ್ಳೋಣವೆಂದು ಆ ಕೀಲಿಕೈ ಹಿಡಿದು ಪಕ್ಕದ ಕಟ್ಟಡಕ್ಕೆ ಬಂದೆ. ಮೂರು ಮಹಡಿ ಮೆಟ್ಟಿಲು ಹತ್ತಿದೆ. ಅಲ್ಲಿ ಲಿಫ್ಟು ಹೊಕ್ಕು ನಾಲ್ಕನೆಯದರ ಗುಂಡಿ ಒತ್ತಿದೆ. ನಡುವೆ ಅದು ನಿಂತಿತು. ಫೋನು ಉಗ್ರಾಣದ ಮೇಜಿನ ಮೇಲಿದೆ. ಜೇಬಿನಲ್ಲಿದ್ದ ತಪಾಸಣೆಯ ಹಾಳೆಗಳ ಬೆನ್ನ ಮೇಲೆ ಇದನ್ನು ಬರೆಯುತ್ತಿದ್ದೇನೆ. ಕೈ ಚಾಚಿದರೆ ನಾಲ್ಕೂ ಗೋಡೆ ಸಿಗುತ್ತವೆ. ಎದುರಿನ ಕನ್ನಡಿಯಲ್ಲಿ ಸುಣ್ಣ ಬಳಿದಂಥ ಮುಖದ ಒಬ್ಬ ಕೂತಿದ್ದಾನೆ. ಅವನಿಗೂ ಹೋಗಲು ಜಾಗವಿಲ್ಲ.

ಆಗಲೇ ಮೇಲಿನಿಂದ ಒಬ್ಬ ಅಜ್ಜಿ ಬಾಗಿಲು ಬಡಿದರು.

"ಯಾರಪ್ಪಾ ಒಳಗೆ?"

"ರಿಪೇರಿಯವನು, ಅಜ್ಜಿ."

"ಅಯ್ಯೋ, ರಿಪೇರಿಯವನೇ ಸಿಕ್ಕಾಕ್ಕೊಂಡ್ರೆ ರಿಪೇರಿ ಮಾಡೋರು ಯಾರು? ಟೀ ಮಾಡಿದೀನಿ, ಆದ್ರೆ ಈ ಸಂದೀಲಿ ಲೋಟ ತೂರಲ್ವಲ್ಲ!"

ಆ ಟೀ ಎಂಬ ಮಾತು ನನ್ನನ್ನು ಚುಚ್ಚಿತು. ಯಾಕೆಂದು ಆಮೇಲೆ ಹೇಳುತ್ತೇನೆ.

ಒಂದು ಮಾತು ಮಾತ್ರ ಎದೆ ತಟ್ಟಿ ಹೇಳಬಲ್ಲೆ. ನಾನು ಕೈಹಚ್ಚಿದ ಲಿಫ್ಟು ಇಂದಿನವರೆಗೆ ಒಮ್ಮೆಯೂ ನಡುವೆ ಕೈಕೊಟ್ಟಿಲ್ಲ. ಇದು ನಿಂತದ್ದೆಂದರೆ, ನಾನು ಉಗ್ರಾಣ ಸೇರಿದ ಮೇಲೆ ಬೇರೆಯವರು ಇದಕ್ಕೆ ಕೈಹಾಕಿರುವುದರಿಂದಲೇ. ಮೇಲ್ವಿಚಾರಕರಿಗೆ ಇದೊಂದೇ ಸಾಕಲ್ಲವೇ, ನನ್ನನ್ನು ವಾಪಸು ಕರೆಸಲು?

ಇಂತಿ ನಿನ್ನ ತಮ್ಮ,
ಸದ್ಯಕ್ಕೆ ಮೇಲೂ ಇಲ್ಲದವ, ಕೆಳಗೂ ಇಲ್ಲದವ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ನಿನ್ನ ಪಟ್ಟಿಯ ಕೊನೆಯ ಸಾಲು, ಟೀ ಕಬ್ಬಿಣವನ್ನು ಮೈಗೆ ಹತ್ತಗೊಡದು, ಊಟದ ಹಿಂದೆಮುಂದೆ ಒಂದು ಗಂಟೆ ಕುಡಿಯಬೇಡ ಎಂಬುದು, ಗೋಡೆಯ ಮೇಲೆ ಕಾಣುವುದಿಲ್ಲ. ಅದನ್ನು ಹಿಂದಕ್ಕೆ ಮಡಚಿ ಅಂಟಿಸಿದ್ದೇನೆ. ಎರಡು ತಿಂಗಳಿಂದ ಸೊಪ್ಪಿನ ಕೊನೆಯ ತುತ್ತಿನ ಬೆನ್ನಿಗೇ ನಟ್ಟಣ್ಣನ ಫ್ಲಾಸ್ಕಿನಿಂದ ಎರಡು ಲೋಟ ಟೀ ಇಳಿದಿದೆ. ಇಂದೂ ಇಳಿಯಿತು.

ಇನ್ನು, ಈ ಲಿಫ್ಟಿಗೆ ಏನೂ ಆಗಿಲ್ಲ. ಕಡೆಯ ಸಲ ಇದಕ್ಕೆ ಕೈಹಚ್ಚಿದವನೂ ನಾನೇ. ಮೆಟ್ಟಿಲು ಹತ್ತಿ ಒಳಗೆ ಬಂದಾಗ ಕಣ್ಣು ಕತ್ತಲಿಟ್ಟಿತು. ಮೇಲೆ ಬಾಗಿಲು ತೆರೆದಾಗ ಯಾರಾದರೂ ನೋಡಿಬಿಟ್ಟಾರೆಂದು ಕೀಲಿಕೈ ತಿರುಗಿಸಿ ನೆಲದ ಮೇಲೆ ಕೂತೆ. ಕೀಲಿಕೈ ಈಗಲೂ ಅದರ ಕಂಡಿಯಲ್ಲೇ ಇದೆ, ಕೂತಲ್ಲೇ ಕೈಗೆಟಕುವಷ್ಟು ಹತ್ತಿರ. ತಿರುಗಿಸಿದರೆ ಲಿಫ್ಟು ಏಳುತ್ತದೆ; ನನಗೆ ಏಳಲು ಕಾಲು ಬರುತ್ತಿಲ್ಲ, ಅಕ್ಕಾ.