ಗಡಿಯಾರ ಮಾತ್ರ ಸ್ಪಷ್ಟ

ಮಾರ್ಚ್ ೧೪, ಗುರುವಾರ

ಅಪ್ಪನ ಹಳೆಯ ಆಟೋಫೋಕಸ್ ಕ್ಯಾಮೆರಾ ರಿಪೇರಿ ಮಾಡಲು ಹೋಗಿ ನಾನೇ ಪೂರ್ತಿ ಕೆಡಿಸಿದೆನೇನೋ ಎಂದು ವಾರದಿಂದ ಒದ್ದಾಡುತ್ತಿದ್ದೆ. ಚಿತ್ರ ಮಸುಕಾಗುತ್ತದೆಂದು ಎರಡು ಸಲ ಬಿಚ್ಚಿ, ಒರೆಸಿ, ಜೋಡಿಸಿದ್ದೇ ಬಂತು. ಇವತ್ತು ಬಂದ ಪ್ರಿಂಟುಗಳಲ್ಲೂ ಅಪ್ಪ ಅಮ್ಮ ಮಸುಕು. ಹಿಂದಿನ ಗೋಡೆ ಗಡಿಯಾರ ಮಾತ್ರ ಸ್ಪಷ್ಟ. ನನ್ನ ಮಗಳು ಅವರ ನಡುವೆ ನಿಂತ ಒಂದೇ ಚಿತ್ರದಲ್ಲಿ ಮೂವರೂ ಚೆನ್ನಾಗಿ ಬಂದಿದ್ದರು. ಆಗ ಹೊಳೆಯಿತು. ಈ ಕ್ಯಾಮೆರಾ ನಟ್ಟನಡುವೆ ಇರುವುದರ ದೂರವನ್ನಷ್ಟೇ ಅಳೆದು ಅದನ್ನೇ ಸ್ಪಷ್ಟ ಮಾಡುತ್ತದೆ. ಇವರಿಬ್ಬರ ನಡುವೆಯೋ ಸದಾ ಒಂದು ಮೊಳ ಖಾಲಿ. ಸದ್ಯ, ನನ್ನ ಸ್ಕ್ರೂಡ್ರೈವರಿನ ತಪ್ಪಲ್ಲ.

"ಫೋಟೋ ತೆಗೆಯುವಾಗ ಇಬ್ರೂ ಒತ್ಕೊಂಡು ನಿಂತ್ಕೊಳ್ಳಿ," ಅಂದೆ.

"ಈ ವಯಸ್ಸಿನಲ್ಲಾ?" ಅಂದರು ಅಪ್ಪ.

ಅಮ್ಮ ಒಳಗೆ ಹೋಗಿ ತಲೆ ಬಾಚಿಕೊಂಡು ಬಂದಳು.