ಊಟದ ಪಟ್ಟಿಯಲ್ಲಿ ಬಿಟ್ಟ ಸಾಲು

ಚಿತ್ರದುರ್ಗ
೧೬ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ತಮ್ಮ ಜುಂಜೇಶ,

ನೀನೂ ಅವ್ವನೂ ನಿನ್ನ ಕುರಿಮಂದೆಯೂ ಸುಖವಾಗಿದ್ದೀರೆಂದು ನಂಬಿದ್ದೇನೆ. ಗೌರಿ ಹಬ್ಬಕ್ಕೆ ಬರುತ್ತೇನೆ ಎಂದವಳು ದೀಪಾವಳಿಗೂ ಬರಲಿಲ್ಲ, ಒಂದು ಸಾಲು ಬರೆಯಲೂ ಇಲ್ಲ. ಬೈಯುವುದಿದ್ದರೆ ಬೈದು ಮುಗಿಸಿ ಆಮೇಲೆ ಮುಂದಕ್ಕೆ ಓದು. ಫೋನ್ ಇರುವಾಗ ಕಾಗದವೇಕೆ ಎನ್ನುತ್ತೀಯ. ಹಾಸ್ಟೆಲ್ ರೂಮಿನಲ್ಲಿ ನನ್ನ ಜೊತೆ ಮೂವರಿದ್ದಾರೆ, ಇದು ಎಲ್ಲರ ಕಿವಿಗೆ ಬೀಳುವ ಮಾತಲ್ಲ. ಯಲ್ಲದಕೆರೆಯ ಯೋಗೇಶ್ ಒಂದು ಗಂಟೆಯ ಬಸ್ಸಿಗೆ ಊರಿಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಕೊಡೋಣವೆಂದು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತು ಬರೆಯುತ್ತಿದ್ದೇನೆ. ಸಂಜೆಯೊಳಗೆ ನಿನಗೆ ಮುಟ್ಟಬೇಕು.

ನನ್ನ ಎಂ.ಎಸ್ಸಿ.ಯಲ್ಲಿ ಆಹಾರ, ಪೋಷಣೆಯ ಜೊತೆಗೆ ಈ ವರ್ಷ ಧರ್ಮ ಸಾಕ್ಷರತೆ ಎಂಬ ವಿಷಯವೂ ಇದೆ ಎಂದಾಗ ನೀನು ಬಿದ್ದು ಬಿದ್ದು ನಕ್ಕಿದ್ದೆ. "ದೇವ್ರು ದಿಂಡ್ರು ಕಲಿಯಾಕೆ ಯೂನಿವರ್ಸಿಟಿಗೆ ಹೋಗ್ಬೇಕೇನಕ್ಕ? ನಮ್ ಪೂಜಾರಜ್ಜ ಪುಗಸಟ್ಟೆ ಹೇಳ್ಕೊಡ್ತಾನೆ!" ಎಂದಿದ್ದೆ. ಅದು ದೇವರನ್ನು ಕಲಿಸುವ ಪಾಠವಲ್ಲ ಕಣೋ. ನಾಳೆ ನರ್ಸೋ ಡಯಟೀಷಿಯನ್ನೋ ಬ್ಯಾಂಕ್ ಮ್ಯಾನೇಜರೋ ಆಗುವವರು, ಎದುರಿಗೆ ಬಂದ ಮನುಷ್ಯ ಏನು ನಂಬುತ್ತಾನೆಂದು ತಿಳಿದಿರಬೇಕಲ್ಲ, ಅದಕ್ಕೆ. ರಂಜಾನಿನಲ್ಲಿ ಸಕ್ಕರೆ ಕಾಯಿಲೆಯವರ ಮಾತ್ರೆಯನ್ನು ಯಾವ ಹೊತ್ತಿಗೆ ಹೊಂದಿಸಬೇಕು, ಕತ್ತಲಾದ ಮೇಲೆ ಉಣ್ಣದ ಜೈನರಿಗೆ ಊಟ ಎಷ್ಟು ಗಂಟೆಗೆ ಕೊಡಬೇಕು, ಸ್ಕ್ಯಾನಿಂಗಿಗೆ ಹೋಗುವವರನ್ನು ಕೊರಳಿನ ಲಿಂಗ ತೆಗೆಯಿರೆಂದು ಹೇಗೆ ಕೇಳಬೇಕು, ಎಲ್ಲಾ ಓದಿದೆ. ತರಗತಿಗೇ ಹೆಚ್ಚು ಅಂಕ ನನ್ನದು. ಪಾಠ ಮಾಡುವ ಸುಚಿತ್ರಾ ಮೇಡಂ, "ರಂಜಿತಾ ಯಾರ ಮನೆಗೆ ಹೋದ್ರೂ ಆ ಮನೆ ಮಗಳ ಹಂಗೆ ಇರ್ತಾಳೆ" ಎಂದಾಗ ಜಂಬವೂ ಬಂದಿತ್ತು.

ಈಗ ತರಬೇತಿಗೆಂದು ಇಲ್ಲಿಯ ಜಿಲ್ಲಾ ಆಸ್ಪತ್ರೆಗೆ ಹಾಕಿದ್ದಾರೆ. ಅಡುಗೆಮನೆಯ ಗೋಡೆಯ ಮೇಲೆ ಒಂದು ಪಟ್ಟಿ ಇದೆ: ಯಾವ ನಂಬಿಕೆಯವರಿಗೆ ಏನು ಕೊಡಬಹುದು, ಏನು ಕೊಡಬಾರದು ಎಂದು. ನಮ್ಮ ವಿಭಾಗದಿಂದ ಮಾಡಿಕೊಟ್ಟದ್ದು.

ಹೋದ ಸೋಮವಾರ ಐಮಂಗಲದ ಕಡೆಯ ಕುರಿಗಾರರ ಹಟ್ಟಿಯಿಂದ ಮೂಡಲಗಿರಿಯಪ್ಪ ಎಂಬ ಅಜ್ಜ ಬಂದರು. ಕುರಿ ಹಿಂದೆ ಹೋಗಿ, ಬಂಡೆ ಮೇಲಿಂದ ಜಾರಿ ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು. ಸೇರಿಸುವಾಗ ಕೌಂಟರಿನಲ್ಲಿ "ವೆಜ್ಜಾ, ನಾನ್‌ವೆಜ್ಜಾ?" ಎಂದು ಕೇಳಿದ್ದಾರೆ. ಮಗ ಮಾರುತೇಶ್ ಗಾಬರಿಯಲ್ಲಿ ನಾನ್‌ವೆಜ್ ಎಂದಿದ್ದಾನೆ. ಪಟ್ಟಿಯ ಪ್ರಕಾರ ಮೊಟ್ಟೆ ಹೋಯಿತು. ಹಲ್ಲಿಲ್ಲವೆಂದು ಗಂಜಿಯಲ್ಲಿ ಕದಡಿ ಕೊಟ್ಟರು, ಅಜ್ಜ ಎರಡು ದಿನ ಕುಡಿದರು. ಶುಕ್ರವಾರ ಬೆಳಿಗ್ಗೆ ಶಾಂತಿ ಸಿಸ್ಟರ್, ಪಾಪ, ಅಕ್ಕರೆಯಿಂದಲೇ, "ಇವತ್ತು ಎರಡು ಮೊಟ್ಟೆ ಹಾಕ್ಸಿದೀನಿ ಅಜ್ಜ, ಬೇಗ ಎದ್ದು ಓಡಾಡ್ಬೇಕು ನೀವು" ಎಂದರು.

ಬಟ್ಟಲು ಕೆಳಗಿಟ್ಟ ಅಜ್ಜ ಮತ್ತೆ ಅನ್ನ ಮುಟ್ಟಿಲ್ಲ. ನಿನಗೆ ಬಿಡಿಸಿ ಹೇಳಬೇಕಿಲ್ಲ, ಅವರದೂ ನಮ್ಮ ಹಟ್ಟಿಯ ಹಾಗೆಯೇ. ಕುರಿ ಉಣ್ಣುತ್ತಾರೆ. ಕೋಳಿಯಾಗಲಿ ಮೊಟ್ಟೆಯಾಗಲಿ ಹಟ್ಟಿಯ ಬೇಲಿ ದಾಟುವಂತಿಲ್ಲ. ಅದರ ಮೇಲೆ ಅಜ್ಜ ಗುಡಿಯ ಪೂಜಾರಿ. "ದೇವ್ರ ಬಾಗ್ಲು ತೆಗಿಯೋ ಕೈ ಕಣವ್ವ ಇದು. ಇನ್ ಹೆಂಗ್ ತೆಗೀಲಿ?" ಎಂದು ನನ್ನನ್ನೇ ಕೇಳಿದರು. ಮಾರುತೇಶ್ ಕಾಲು ಹಿಡಿದ. "ಗೊತ್ತಿಲ್ದೆ ಆಗೈತೆ, ದೇವ್ರು ಬಿಡ್ತಾನೆ, ಉಣ್ಣಪ್ಪ" ಎಂದ. "ದೇವ್ರು ಬಿಡ್ತಾನೆ, ನಾನು ಬಿಡಾಕಿಲ್ಲ" ಎಂದರು.

ಮೂರು ದಿನದಿಂದ ಬರೀ ನೀರು. ಮೊದಲೇ ಹೃದಯ ಸೋತಿದೆ. ನಾಳೆ ಬೆಳಿಗ್ಗೆ ಹತ್ತರೊಳಗೆ ಏನೂ ಉಣ್ಣದಿದ್ದರೆ ಮೂಗಿಗೆ ನಳಿಕೆ ಹಾಕುತ್ತೇವೆ ಎಂದು ಡಾಕ್ಟರು ಹೇಳಿದ್ದಾರೆ. ಹಾಕಿದರೆ ಕಿತ್ತು ಬಿಸಾಡುತ್ತೇನೆಂದು ಅಜ್ಜ ಹೇಳಿದ್ದಾರೆ. ಇಬ್ಬರೂ ಹೇಳಿದ್ದನ್ನು ಮಾಡುವವರೇ. ಸುಚಿತ್ರಾ ಮೇಡಂಗೆ ಫೋನ್ ಮಾಡಿದೆ. "ಇದು ಯಾರ ತಪ್ಪೂ ಅಲ್ಲಮ್ಮ, ಪಟ್ಟೀಲಿ ಆ ಸಾಲೇ ಇಲ್ಲ. ಕೇಸ್ ಸ್ಟಡಿ ಮಾಡಿ ಶುಕ್ರವಾರ ಸೆಮಿನಾರಲ್ಲಿ ಹೇಳು" ಎಂದರು. ಮನುಷ್ಯ ಹಸಿದು ಮಲಗಿರುವಾಗ ಇವರಿಗೆ ಸೆಮಿನಾರು! ಫೋನ್ ಎಸೆಯುವಷ್ಟು ಸಿಟ್ಟು ಬಂತು. ಬೆಳಗಿನಿಂದ ನಾಲ್ಕು ಸಲ ಮೂರನೇ ಮಹಡಿಗೆ ಹತ್ತಿ, ವಾರ್ಡಿನ ಬಾಗಿಲಿನಿಂದಲೇ ಇಳಿದು ಬಂದಿದ್ದೇನೆ. ಕೂತಲ್ಲಿ ಕೂರಲಾಗುತ್ತಿಲ್ಲ, ಟೀ ಆರಿ ಹೋಗಿದೆ.

ಅವ್ವನನ್ನು ಕರೆದುಕೊಂಡು ಬೆಳಗಿನ ಮೊದಲ ಬಸ್ಸಿಗೆ ಬಾ. ಇಂಥದ್ದಕ್ಕೆಲ್ಲ ಏನು ಮಾಡಬೇಕೆಂದು ಅವಳಿಗೆ ಗೊತ್ತು, ಅವಳ ಮಾತಿಗೆ ಅಜ್ಜ ಬಗ್ಗಿಯಾರು. ನೇರವಾಗಿ ಮೂರನೇ ಮಹಡಿಗೆ ಹೋಗಿ. ನನ್ನನ್ನು ಕೇಳಿಕೊಂಡು ಓಡಾಡಬೇಡಿ, ನಾನು ಅಡುಗೆಮನೆಯ ಕೆಲಸದಲ್ಲಿರುತ್ತೇನೆ.

ಅವ್ವನ ಮಂಡಿನೋವು ಇಳಿಯಲಿ, ನಿನ್ನ ಮಂದೆ ಇಮ್ಮಡಿಯಾಗಲಿ, ಹೋದ ದಾರಿಯಲ್ಲೆಲ್ಲ ನಿನಗೆ ಹಸಿರು ಸಿಗಲಿ.

ನಿನ್ನ ಅಕ್ಕ,
ರಂಜಿತಾ

ತಾ.ಕ.: ಅವ್ವನಿಗೆ ಇಲ್ಲಿಯವರೆಗೆ ಓದಿ ಹೇಳು. ಮುಂದಿನದು ನಿನಗೊಬ್ಬನಿಗೆ.

ಆ ಪಟ್ಟಿ ಮಾಡಿದ್ದು ನಾನು. "ಕುರಿ ತಿಂದು ಕೋಳಿ ತಿನ್ನದೋರು ಈ ಕಡೆ ಇದಾರಂತಲ್ಲ, ಯಾರಿಗಾದ್ರೂ ಗೊತ್ತಾ?" ಎಂದು ಮೇಡಂ ತರಗತಿಯಲ್ಲಿ ಕೇಳಿದ್ದರು. ಹೌದು ಎಂದರೆ ನಿನಗೆ ಹೇಗೆ ಗೊತ್ತು ಎನ್ನುತ್ತಾರೆ. ಇಲ್ಲಿ ಯಾರಿಗೂ ನಾನು ಹಟ್ಟಿಯವಳೆಂದು ಹೇಳಿಲ್ಲ ಜುಂಜೇಶ. ತಲೆ ತಗ್ಗಿಸಿ ಕೂತೆ. ಎಲ್ಲರ ದೇವರಿಗೂ ಒಂದೊಂದು ಸಾಲು ಬರೆದು ನಮ್ಮದನ್ನು ಬಿಟ್ಟೆ.

ನಿನ್ನೆ ಅಜ್ಜ ನನ್ನ ಮುಖವನ್ನೇ ನೋಡುತ್ತಾ, "ಯಾವ ಹಟ್ಟಿ ಮಗಳವ್ವ ನೀನು? ಬಾಯಿ ಕೆಟ್ಟೋನಿಗೆ ಬ್ಯಾರೆ ಹಟ್ಟಿ ಹೆಣ್ಮಗಳು ಮೂರು ಸಲ ಕೈಗೆ ನೀರು ಹುಯ್ದು, ಉಣ್ಣಪ್ಪ ಅಂದ್ರೆ ಸುದ್ಧ ಅಂತ ನಮ್ಮಜ್ಜಿ ಹೇಳೋಳು. ಹುಯ್ತೀಯೇನವ್ವ?" ಎಂದರು. ಶಾಂತಿ ಸಿಸ್ಟರ್ ಹಿಂದೆಯೇ ನಿಂತಿದ್ದರು.

"ನಾನು ಹಿರಿಯೂರು ಪೇಟೆಯೋಳು ಅಜ್ಜ" ಎಂದೆ.

"ಹೌದ್ರಾ? ತಪ್ ತಿಳ್ಕಬ್ಯಾಡ್ರಿ" ಎಂದು ಕಣ್ಣು ಮುಚ್ಚಿಕೊಂಡರು.

ನಾನು ಹುಯ್ಯಲಾರದ ನೀರನ್ನು ಅವ್ವ ಹುಯ್ಯಲಿ ಎಂದು ಕರೆಸುತ್ತಿದ್ದೇನೆ. ನಾನೇ ಹುಯ್ದರೆ ನಾಳೆವರೆಗೆ ಕಾಯುವ ಅಗತ್ಯವೇ ಇಲ್ಲ. ಚೊಂಬು ಅಜ್ಜನ ಮಂಚದ ಪಕ್ಕದಲ್ಲೇ ಇದೆ.