ಗುರುಹಿರಿಯರು ನಿಶ್ಚಯಿಸಿದಂತೆ

೧೧-೨-೧೯೭೪, ಮೊರಬ
ತಂಬಿಗೆಯಲ್ಲಿ ಕೆಂಡ ಹಾಕಿ ಅಂಗಿಗೆ ಇಸ್ತ್ರಿ. ಕಾಲರು ಮತ್ತೆ ಸುಟ್ಟಿತು. ನಾಳೆ ನವಲಗುಂದದ ಒಂದು ಹತ್ತಿ ಸೊಸೈಟಿಯಲ್ಲಿ ಕ್ಲಾರ್ಕ್ ಜಾಗ. ಎಂಟನೇ ಇಂಟರ್‌ವ್ಯೂ. ಹಿಂದಿನ ಏಳರಲ್ಲಿ ನನ್ನ ಸರ್ಟಿಫಿಕೇಟು ಯಾರೂ ಬಿಚ್ಚಿ ಸಹ ನೋಡಲಿಲ್ಲ. "ಯಾರ ಪೈಕಿ? ಯಾರ ಚೀಟಿ ತಂದೀ?" ಇಷ್ಟೇ. ಹಾಳಾಗಿ ಹೋಗಲಿ.

ಬಾಜು ಮನೆಯ ಕಸ್ತೂರಿಗೂ ಇದೇ ಜಾಗಕ್ಕೆ ಇಂಟರ್‌ವ್ಯೂ ಕಾರ್ಡು ಬಂದಿದೆ. ನನ್ನ ಜೊತೆಗೇ ಓದಿದವಳು. ಟೈಪಿಂಗ್ ಪಾಸು. ಅಕ್ಷರವಂತೂ ಅಚ್ಚು ಹೊಡೆದಂತೆ. ತಿರ್ಲಾಪುರದವರು ಅವಳನ್ನು ನೋಡಿ ಹೋಗಿದ್ದಾರೆ — ಹೆಂಡತಿ ಸತ್ತವ, ಎರಡು ಮಕ್ಕಳು. ಅವಳಿಗೆ ಸುತರಾಂ ಮನಸ್ಸಿಲ್ಲ. ನೌಕರಿ ಸಿಕ್ಕರೆ ಬೇಡ ಎಂದುಬಿಡುತ್ತೇನೆ ಅಂತ ಅವಳಪ್ಪ ಮಡಿವಾಳೆಪ್ಪ ಕಾಕಾ ಮಾತು ಕೊಟ್ಟಿದ್ದಾರೆ.

೧೨-೨, ಸಂಜೆ
ಬಸ್ಸಿನಲ್ಲಿ ನನ್ನ ಪೆನ್ನು ಸೋರಿತು. ಕಸ್ತೂರಿ ತನ್ನದೊಂದು ಕೊಟ್ಟಳು. "ಎರಡದಾವ, ಹಿಡಿ. ಕೈ ಒರಸ್ಕೋ ಮೊದಲ, ಮಂಗ್ಯಾ."

ಮೊದಲು ಎಲ್ಲರಿಗೂ ಬರೆಸಿದರು. ನಾನು ಒಳಗೆ ಹೋದಾಗ ಅವಳ ಹಾಳೆಯೇ ಎಲ್ಲದರ ಮೇಲಿತ್ತು. ನನ್ನ ಬಗ್ಗೆ ಒಂದು ಪ್ರಶ್ನೆ ಇಲ್ಲ! ಚೇರ್ಮನ್ನರು ಅಡಿಕೆ ಕತ್ತರಿಸುತ್ತ ಕೇಳಿದರು:
"ಈ ಹುಡುಗಿ ನಿಮ್ಮೂರಾಕಿನ ಏನಪಾ? ಹೆಂಗ?"
"ಭಾಳ ಹುಷಾರದಾಳ್ರಿ."
"ಅದು ಕಾಣಸ್ತದ. ಲಗ್ನ?"
ನನಗೇನು ಗೊತ್ತರಿ ಅನ್ನಬಹುದಿತ್ತು. ಬಾಯಿಗೆ ಏನು ಬಡಿದಿತ್ತೋ…
"ನಿಶ್ಚಯ ಆಗೇದ್ರಿ. ತಿರ್ಲಾಪುರಕ್ಕ."
ಚೇರ್ಮನ್ನರು ಪಕ್ಕದವರ ಮುಖ ನೋಡಿದರು. "ಕೆಲಸ ಕಲಿಯೂದ್ರಾಗ ಗಂಡನ ಮನಿಗೆ ಹೊಕ್ಕಾಳ. ಬಿಡ್ರಿ." ಹಾಳೆ ಕೆಳಗೆ ಹೋಯಿತು.

ಹೊರಗೆ ಕಸ್ತೂರಿ ಕಾಯುತ್ತಿದ್ದಳು. "ಏನ್ ಕೇಳಿದ್ರೋ?"
"ಏನಿಲ್ಲ. ಯಾವ ಊರಂದ್ರು."

೨-೩
ಆರ್ಡರು ಬಂತು. ನನಗೆ. ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಕಸ್ತೂರಿಯೂ ಬಂದಳು, ಕಣ್ಣು ಊದಿತ್ತು. "ಚಲೋ ಆತು ಬಿಡು. ಯಾರ ಚೀಟಿ ಇಲ್ದ ನಿನಗರ ಸಿಕ್ತು." ಸಕ್ಕರೆ ಬಾಯಿಗೆ ಹಾಕಿಕೊಂಡಳು.
ಥೂ, ನನ್ನ ಜನ್ಮಕ್ಕಿಷ್ಟು.

೯-೩
ಹೇಳಿಬಿಡಬೇಕೆಂದು ಅವರ ಮನೆಗೆ ಹೋದೆ. ಅವಳವ್ವ ರೇವವ್ವ ಕಾಕು ಚಹಾ ಕೊಟ್ಟರು. ಕುಡಿದೆ, ಬಂದೆ. ಹೇಡಿ.

೧೪-೪, ರವಿವಾರ
ಮುಂಜಾನೆ ಮಡಿವಾಳೆಪ್ಪ ಕಾಕಾ ಬಂದರು. "ಈರಬಸಪ್ಪಾ, ತಿರ್ಲಾಪುರದವ್ರಿಗೆ ಹ್ಞೂಂ ಅಂದ್ನೆಪಾ. ನೌಕರಿನೂ ಆಗಲಿಲ್ಲ, ಎಷ್ಟ ದಿನ ಇಟಗೊಂಡ ಕೂಡೂದು? ನಾಳೆ ಲಗ್ನಪತ್ರಿಕಿ ಪ್ರೆಸ್ಸಿಗೆ ಕೊಡಬೇಕು, ಛಂದಂಗಿ ಬರಕೊಡು."
"ಕಸ್ತೂರಿ ಅಕ್ಷರ ನನಕಿಂತ ಚಲೋ ಅದಾವಲ್ರಿ ಕಾಕಾ…"
"ಮದುಮಗಳು ತನ್ನ ಪತ್ರಿಕಿ ತಾನ ಬರೀತಾಳೇನಲೇ?" ನಕ್ಕರು. "ಅಕೀನ ಅಂದ್ಲು, ಅವನ ಕಡಿಂದ ಬರಸ್ರಿ ಅಂತ."

ಅವಳಿಗೆ ಗೊತ್ತಾಗಿದೆಯೆ? ಇಲ್ಲ. ಗೊತ್ತಾಗಿದ್ದರೆ ಬಂದು ಕಪಾಳಕ್ಕೆ ಬಾರಿಸುತ್ತಿದ್ದಳು. ಬಾರಿಸಿದ್ದರೆ ಚಲೋ ಇತ್ತು.

ಮೂರು ಹಾಳೆ ಹರಿದು ಹಾಕಿದೆ. ಕೈಯಲ್ಲಿ ಅವಳದೇ ಪೆನ್ನು — ತಿರುಗಿ ಕೊಡಲೂ ಆಗಿಲ್ಲ. ಕಾಕಾ ಸಂಜೆಗೆ ಬರುತ್ತಾರೆ. ಹೆಸರು ಬರೆದಾಯಿತು, ಚಿ. ಸೌ. ಕಸ್ತೂರಿ. ಮುಂದೆ 'ಗುರುಹಿರಿಯರು ನಿಶ್ಚಯಿಸಿದಂತೆ' ಎಂದು ಬರೆಯಬೇಕು, ಎಲ್ಲರ ಪತ್ರಿಕೆಯಲ್ಲೂ ಇರುವುದೇ. ಆದರೆ ಇದನ್ನು ನಿಶ್ಚಯಿಸಿದವರು ಗುರುಹಿರಿಯರಲ್ಲ. ನಿಶ್ಚಯಿಸಿದ್ದು ಫೆಬ್ರುವರಿ ಹನ್ನೆರಡಕ್ಕೆ, ನವಲಗುಂದದಲ್ಲಿ, ನಾ—